ನಿಸಾರ್ ದತ್ತಾಂಶ ಉಚಿತ, ಆದರೆ ಬಳಸಬಲ್ಲವರು ಎಷ್ಟು ಮಂದಿ?

ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದದ್ದು 2024ರ ಜುಲೈ 16ರಂದು. ಅದೇ ತಿಂಗಳ 30ರಂದು ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಸರಿಯಾಗಿ ಒಂದು ವರ್ಷದ ನಂತರ, 2025ರ ಜುಲೈ 30ರಂದು, ನಾಸಾ-ಇಸ್ರೋ ಜಂಟಿ ಉಪಗ್ರಹ 'ನಿಸಾರ್' ಶ್ರೀಹರಿಕೋಟಾದಿಂದ ನಭಕ್ಕೆ ಜಿಗಿಯಿತು. ಮೋಡವಿರಲಿ, ಕತ್ತಲೆಯಿರಲಿ, ನೆಲ ಕೆಲವೇ ಸೆಂಟಿಮೀಟರ್ ಸರಿದರೂ ಗುರುತಿಸಬಲ್ಲ ರೇಡಾರ್ ಇದರಲ್ಲಿದೆ. ಗುಡ್ಡ ಯಾವ ದಿನ ಕುಸಿಯುತ್ತದೆ ಎಂದು ಅದು ಹೇಳದು. ಆದರೆ ನಿಧಾನವಾಗಿ ಜಾರುತ್ತಿರುವ ಇಳಿಜಾರುಗಳನ್ನು ಪತ್ತೆಹಚ್ಚಲು ನೆರವಾಗುತ್ತದೆ. ಪ್ರಶ್ನೆ ಇಷ್ಟೇ: ಆ ದತ್ತಾಂಶವನ್ನು ಓದುವವರು ಯಾರು?

ದಿನಕ್ಕೆ 80 ಟೆರಾಬೈಟ್

ನಾಸಾ ಅಂದಾಜಿನಂತೆ ನಿಸಾರ್‌ನಿಂದ ದಿನಕ್ಕೆ ಸುಮಾರು 80 ಟೆರಾಬೈಟ್ ದತ್ತಾಂಶ ಸಿದ್ಧವಾಗುತ್ತದೆ. 100 ಎಂಬಿಪಿಎಸ್ ವೇಗದ ಇಂಟರ್ನೆಟ್‌ನಲ್ಲಿ ಒಂದು ದಿನದ ಅಷ್ಟೂ ದತ್ತಾಂಶವನ್ನು ಡೌನ್‌ಲೋಡ್ ಮಾಡಲು ಎರಡು ತಿಂಗಳಿಗೂ ಹೆಚ್ಚು ಬೇಕು. ಸಂಶೋಧಕರಿಗೆ ಬೇಕಿರುವುದು ಇದರ ಸಣ್ಣ ಪಾಲು ಮಾತ್ರ, ನಿಜ. ಆದರೆ ವರ್ಷಗಟ್ಟಲೆ ಚಿತ್ರಗಳನ್ನು ಹೋಲಿಸಬೇಕಾದಾಗ ಆ ಪಾಲೂ ಕಚೇರಿಯ ಕಂಪ್ಯೂಟರ್‌ಗೆ ಭಾರವೇ.

ಇದಕ್ಕೆ ಪರಿಹಾರ ಕ್ಲೌಡ್. ದತ್ತಾಂಶವನ್ನು ನಮ್ಮಲ್ಲಿಗೆ ಹೊತ್ತು ತರುವ ಬದಲು ಅದು ಇರುವಲ್ಲಿಗೇ ಲೆಕ್ಕಾಚಾರವನ್ನು ಕಳುಹಿಸುವ ವಿಧಾನವಿದು. ನಾಸಾ ತನ್ನ ಭೂವಿಜ್ಞಾನ ದತ್ತಾಂಶವನ್ನು ಅಮೆಜಾನ್ ಕ್ಲೌಡ್‌ಗೆ ಸಾಗಿಸುತ್ತಿರುವುದು ಇದೇ ಕಾರಣಕ್ಕೆ.

ಯಂತ್ರ ಬದಲಾದರೆ ಸಾಲದು

ಕ್ಲೌಡ್‌ಗೆ ದತ್ತಾಂಶ ಹೋದ ಮಾತ್ರಕ್ಕೆ ವಿಜ್ಞಾನಿಗಳು ಅಲ್ಲಿಗೆ ಹೋಗುವುದಿಲ್ಲ. ಹೊಸ ಸಾಫ್ಟ್‌ವೇರ್ ಕಲಿಯಬೇಕು, ಬಿಲ್ ಎಷ್ಟಾಗುತ್ತದೋ ಎಂಬ ಅಳುಕು ಬೇರೆ. ಇದನ್ನು ಅರಿತೇ 2021ರಲ್ಲಿ 'ನಾಸಾ ಓಪನ್‌ಸ್ಕೇಪ್ಸ್' ಯೋಜನೆ ಆರಂಭವಾಯಿತು. ದತ್ತಾಂಶ ಕೇಂದ್ರಗಳ ಸಿಬ್ಬಂದಿಯೇ ಇಲ್ಲಿ ಮಾರ್ಗದರ್ಶಕರು. ಸಂಶೋಧಕರು ಒಬ್ಬೊಬ್ಬರಾಗಿ ಅಲ್ಲ, ತಮ್ಮ ತಂಡದೊಂದಿಗೆ ಕಲಿಯುತ್ತಾರೆ. ಅಭ್ಯಾಸಕ್ಕೆ ಸಿದ್ಧ ಕ್ಲೌಡ್ ವೇದಿಕೆ ಇರುತ್ತದೆ. ಬರೆದ ಕೋಡ್ ಮತ್ತು ಪಾಠಗಳು ಎಲ್ಲರಿಗೂ ಮುಕ್ತ. ನಾಸಾ ದತ್ತಾಂಶವನ್ನು ಕೆಲವೇ ಸಾಲಿನ ಕೋಡ್‌ನಲ್ಲಿ ತಲುಪಿಸುವ 'ಅರ್ತ್‌ಆ್ಯಕ್ಸೆಸ್' ಎಂಬ ಪೈಥಾನ್ ಲೈಬ್ರರಿ ಬೆಳೆದದ್ದೂ ಇಂಥ ಸಹಭಾಗಿತ್ವದಲ್ಲೇ.

ಭಾರತಕ್ಕೆ ಏನು ಪಾಠ?

ನಮ್ಮಲ್ಲಿ ನೀತಿಯ ಕೊರತೆಯಿಲ್ಲ. 5 ಮೀಟರ್ ಅಥವಾ ಅದಕ್ಕಿಂತ ಒರಟಾದ ಸ್ಪಷ್ಟತೆಯ ಇಸ್ರೋ ಉಪಗ್ರಹ ಚಿತ್ರಗಳನ್ನು ಉಚಿತವಾಗಿ ನೀಡಬೇಕೆಂದು 2023ರ ಭಾರತೀಯ ಬಾಹ್ಯಾಕಾಶ ನೀತಿ ಹೇಳುತ್ತದೆ. ಹೈದರಾಬಾದ್‌ನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ 'ಭೂನಿಧಿ' ಪೋರ್ಟಲ್ ಕೂಡ ಇದೆ. ಆದರೆ ಬಾಗಿಲು ತೆರೆದಿಡುವುದು ಬೇರೆ, ಕೈಹಿಡಿದು ಒಳಗೆ ಕರೆದೊಯ್ಯುವುದು ಬೇರೆ.

ಅಮೆರಿಕದ ಮಾದರಿಯಲ್ಲೂ ತೊಡಕುಗಳಿವೆ. ಸಾರ್ವಜನಿಕ ದತ್ತಾಂಶ ಒಂದೇ ಖಾಸಗಿ ಕಂಪನಿಯ ಯಂತ್ರಗಳ ಮೇಲೆ ನಿಂತಿದೆ. ದತ್ತಾಂಶ ಉಚಿತವಾದರೂ ಲೆಕ್ಕಾಚಾರದ ಖರ್ಚನ್ನು ಯಾರಾದರೂ ಭರಿಸಲೇಬೇಕು. ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯವೊಂದಕ್ಕೆ ಅದನ್ನು ಡಾಲರ್ ಲೆಕ್ಕದಲ್ಲಿ ಕಟ್ಟುವುದು ಸುಲಭವಲ್ಲ.

ಹಾಗಾಗಿ ಉಪಗ್ರಹಕ್ಕೆ ಕೊಡುವ ಹಣದಲ್ಲಿ ಒಂದು ಸಣ್ಣ ಪಾಲು ಹಂಚಿಕೊಂಡು ಬಳಸುವ ಕ್ಲೌಡ್ ವೇದಿಕೆಗೆ ಮತ್ತು ಕಲಿಸುವವರ ಸಂಬಳಕ್ಕೆ ಮೀಸಲಾಗಬೇಕು. ಮುಂದಿನ ಮಳೆಗಾಲಕ್ಕೆ ಮುನ್ನ ಪಶ್ಚಿಮ ಘಟ್ಟದ ಯಾವ ಇಳಿಜಾರು ಜಾರುತ್ತಿದೆ ಎಂದು ನೋಡಬೇಕಾದವರು ಅಲ್ಲಿನ ಭೂವಿಜ್ಞಾನಿಗಳು, ಜಿಲ್ಲಾಡಳಿತದ ಅಧಿಕಾರಿಗಳು. ಅವರ ಕೈಗೆ ಎಟುಕದ ದತ್ತಾಂಶ ಎಷ್ಟು ಮುಕ್ತವಾಗಿದ್ದರೇನು?