ಅವಳಿ ಬಸುರಿಯ ತಾಯಿ ಕಾರ್ಡಿಗೆ ಇನ್ನೊಂದು ತಾರೀಖು ಬೇಕು

ತಾಯಿ ಕಾರ್ಡ್‌ನಲ್ಲಿ ಹೆರಿಗೆಯ ನಿರೀಕ್ಷಿತ ದಿನಾಂಕವೆಂದು ಒಂದು ಸಾಲಿದೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ ಅದನ್ನು ತುಂಬುತ್ತಾರೆ. ಅದು 40 ವಾರದ ಲೆಕ್ಕ. ಮನೆಯವರು ಆ ತಾರೀಖನ್ನೇ ನೆಚ್ಚಿಕೊಂಡು ರಜೆ ಕೇಳುತ್ತಾರೆ, ದುಡ್ಡು ಹೊಂದಿಸುತ್ತಾರೆ, ಮಗಳನ್ನು ತವರಿಗೆ ಕರೆತರುವ ದಿನ ಗೊತ್ತುಮಾಡುತ್ತಾರೆ. ಆಶಾ ಕಾರ್ಯಕರ್ತೆಯ ಓಡಾಟವೂ ಆ ತಾರೀಖಿನ ಸುತ್ತಲೇ. ಹೊಟ್ಟೆಯಲ್ಲಿ ಒಂದೇ ಮಗುವಿದ್ದರೆ ಇದರಲ್ಲಿ ತೊಂದರೆಯಿಲ್ಲ. ಎರಡಿದ್ದರೆ ಆ ತಾರೀಖು ಎರಡರಿಂದ ನಾಲ್ಕು ವಾರ ತಡ. ಕೆಲವು ಅವಳಿಗಳ ಪಾಲಿಗೆ ಆರು ವಾರಕ್ಕೂ ಹೆಚ್ಚು ತಡ. ಕೆಲವು ವೈದ್ಯರು ತಾವಾಗಿಯೇ ಎಚ್ಚರವಹಿಸಿ ಕಾರ್ಡಿನ ಅಂಚಿನಲ್ಲಿ ಬೇರೆ ತಾರೀಖು ಬರೆದುಕೊಡುತ್ತಾರೆ. ಅದು ಒಬ್ಬೊಬ್ಬರ ಎಚ್ಚರಕ್ಕೆ ಬಿಟ್ಟ ವಿಷಯವಾಗಬಾರದು. ಅವಳಿ ಎಂದು ಖಚಿತವಾದ ದಿನವೇ ಹಳೆಯ ತಾರೀಖನ್ನು ಹೊಡೆದುಹಾಕಿ, ಮಾಸು (ಪ್ಲಾಸೆಂಟಾ) ಒಂದೋ ಎರಡೋ ಎಂಬುದನ್ನು, ಹೆರಿಗೆ ಮುಗಿಯಬೇಕಾದ ಹೊಸ ತಾರೀಖನ್ನು, ಹೆರಿಗೆಯಾಗಬೇಕಾದ ಆಸ್ಪತ್ರೆಯ ಹೆಸರನ್ನು ಬರೆಯುವುದು ಸರ್ಕಾರಿ, ಖಾಸಗಿ ಎನ್ನದೆ ಎಲ್ಲೆಡೆ ಕಡ್ಡಾಯವಾಗಬೇಕು.

ಅವಳಿ ಅಪರೂಪ, ಅದಕ್ಕೆಂದೇ ಬೇರೆ ಏರ್ಪಾಡು ಏಕೆ ಎನ್ನುವವರಿದ್ದಾರೆ. ಜಗತ್ತಿನ ಬಹುಪಾಲು ದೇಶಗಳ ಅಂಕಿ ಕಲೆಹಾಕಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1980ರ ದಶಕದಲ್ಲಿ ಸಾವಿರ ಹೆರಿಗೆಗೆ 9ರಷ್ಟಿದ್ದ ಅವಳಿ ಹೆರಿಗೆ ಈಗ 12ಕ್ಕೆ ಏರಿದೆ. ಹುಟ್ಟುವ ಪ್ರತಿ 42 ಮಕ್ಕಳಲ್ಲಿ ಒಂದು ಅವಳಿ ಮಗು. ತಡವಾದ ಮದುವೆ, ಬಂಜೆತನಕ್ಕೆ ಕೊಡುವ ಮಾತ್ರೆ-ಇಂಜೆಕ್ಷನ್, ಐವಿಎಫ್ ಎಲ್ಲವೂ ಈ ಏರಿಕೆಯ ಹಿಂದಿವೆ.

ಬಸುರಿಯ ಮನೆಯವರು ಸ್ಕ್ಯಾನಿಂಗ್ ಮುಗಿದೊಡನೆ ಮಕ್ಕಳೆಷ್ಟು ಎಂದು ಕೇಳುತ್ತಾರೆ. ಮಾಸು ಎಷ್ಟು ಎಂದು ಕೇಳುವವರು ಬಹಳ ಕಡಿಮೆ. ಮುಂದಿನ ಆರು ತಿಂಗಳ ಎಲ್ಲ ತೀರ್ಮಾನವೂ ನಿಂತಿರುವುದು ಎರಡನೆಯ ಪ್ರಶ್ನೆಯ ಉತ್ತರದ ಮೇಲೆ. ಎರಡು ಮಕ್ಕಳಿಗೂ ಪ್ರತ್ಯೇಕ ಮಾಸು ಇದ್ದರೆ ಅಪಾಯ ಕಡಿಮೆ. ಇಬ್ಬರೂ ಒಂದೇ ಮಾಸನ್ನು ಹಂಚಿಕೊಂಡಿದ್ದರೆ ಅದರೊಳಗೆ ಇಬ್ಬರ ರಕ್ತನಾಳಗಳೂ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಅಂಥ ನೂರು ಗರ್ಭಗಳಲ್ಲಿ ಹತ್ತರಿಂದ ಹದಿನೈದರಲ್ಲಿ ಒಂದು ಮಗುವಿನ ರಕ್ತ ಇನ್ನೊಂದರ ಕಡೆಗೆ ಹರಿಯತೊಡಗುತ್ತದೆ. ಕೊಡುವ ಮಗು ಸೊರಗಿ ಅದರ ಸುತ್ತಲಿನ ನೀರು ಬತ್ತುತ್ತದೆ. ಪಡೆಯುವ ಮಗುವಿನ ಹೃದಯ ಆ ಹೊರೆ ತಾಳದೆ ಸೋಲುತ್ತದೆ. ಹೀಗಾಗಿ ಇಂಥ ತಾಯಂದಿರಿಗೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಬೇಕು. ಸಕಾಲಕ್ಕೆ ಗೊತ್ತಾದರೆ ಕೂಡಿಕೊಂಡ ನಾಳಗಳನ್ನು ಗರ್ಭದೊಳಗೇ ಲೇಸರ್‌ನಿಂದ ಮುಚ್ಚುವ ಚಿಕಿತ್ಸೆ ಬೆಂಗಳೂರಿನಲ್ಲೇ ಇದೆ. ಮಾಸಿನ ಈ ಲೆಕ್ಕ ಸ್ಪಷ್ಟವಾಗಿ ಸಿಗುವುದು 11ರಿಂದ 14 ವಾರದ ನಡುವೆ. ಮಕ್ಕಳ ನಡುವಿನ ಪೊರೆ ಮಾಸಿಗೆ ಸೇರುವ ಜಾಗದಲ್ಲಿ ತ್ರಿಕೋನದಂತೆ ದಪ್ಪಗೆ ಕಂಡರೆ ಎರಡು ಮಾಸು. ತೆಳುವಾದ ಗೆರೆ ನೇರವಾಗಿ ಬಂದು ಮುಟ್ಟಿದ್ದರೆ ಒಂದೇ ಮಾಸು. ತಿಂಗಳು ಕಳೆದಂತೆ ಆ ಗುರುತು ಮಸುಕಾಗುತ್ತದೆ. ಐದನೇ ತಿಂಗಳಲ್ಲಿ ಮೊದಲ ಸ್ಕ್ಯಾನಿಂಗ್‌ಗೆ ಬರುವ ತಾಯಿಗೆ ಎಷ್ಟೇ ಒಳ್ಳೆಯ ವೈದ್ಯರೂ ಖಡಾಖಂಡಿತ ಉತ್ತರ ಕೊಡುವುದು ಕಷ್ಟ.

ಇನ್ನು ಹೆರಿಗೆಯ ಕಾಲ. 2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆ 32 ಅಧ್ಯಯನಗಳ ಸುಮಾರು 35 ಸಾವಿರ ಅವಳಿ ಗರ್ಭಗಳನ್ನು ಒಟ್ಟಿಗೆ ನೋಡಿತು. ಹೊಟ್ಟೆಯಲ್ಲೇ ಮಗು ಸಾಯುವ ಅಪಾಯವನ್ನೂ, ಬೇಗ ಹುಟ್ಟಿದ್ದಕ್ಕೆ ಸಾಯುವ ಅಪಾಯವನ್ನೂ ವಾರವಾರ ತೂಗಿತು. ಎರಡು ಮಾಸಿನ ಅವಳಿಗಳಲ್ಲಿ 37ನೇ ವಾರದವರೆಗೆ ತಕ್ಕಡಿ ಸಮನಾಗಿತ್ತು. ಇನ್ನೊಂದು ವಾರ ಕಾದರೆ ಸಾವಿರಕ್ಕೆ ಸುಮಾರು ಒಂಬತ್ತು ಶಿಶುಗಳ ಸಾವು ಹೆಚ್ಚುತ್ತಿತ್ತು. ಒಂದೇ ಮಾಸಿನವರಲ್ಲಿ 36ನೇ ವಾರಕ್ಕಿಂತ ಮೊದಲೇ ಹೆರಿಗೆ ಮಾಡಿಸಲು ಸ್ಪಷ್ಟ ಆಧಾರ ಸಿಗಲಿಲ್ಲ. ಬ್ರಿಟನ್ನಿನ 2019ರ ಮಾರ್ಗಸೂಚಿಯೂ, ತೊಡಕಿಲ್ಲದ ಗರ್ಭವಾದರೆ, ಇದೇ 37 ಮತ್ತು 36ನ್ನು ಹೇಳುತ್ತದೆ. ಒಂದೇ ಮಾಸು, ಒಂದೇ ನೀರಿನ ಚೀಲದಲ್ಲಿರುವ ಅಪರೂಪದ ಅವಳಿಗಳ ಹೊಕ್ಕುಳಬಳ್ಳಿಗಳು ಸುತ್ತಿಕೊಳ್ಳುವ ಭಯವಿರುವುದರಿಂದ ಅವರಿಗೆ 32ರಿಂದ 34 ವಾರ. ಅಮೆರಿಕದ ತಜ್ಞರು ಎರಡು ಮಾಸಿನವರಿಗೆ 38ನೇ ವಾರದವರೆಗೆ ಕಾಯಬಹುದೆನ್ನುತ್ತಾರೆ. ಆ ಒಂದು ವಾರದ ಬಗ್ಗೆ ಚರ್ಚೆ ನಡೆಯಲಿ. 40 ವಾರ ಕಾಯಿರಿ ಎನ್ನುವ ತಜ್ಞರ ಮಂಡಳಿ ಯಾವುದೂ ಇಲ್ಲ. ನಮ್ಮ ಕಾರ್ಡ್‌ನಲ್ಲಿ ಮಾತ್ರ ಆ ಅಂಕಿ ಹಾಗೇ ಉಳಿಯುತ್ತದೆ.

'ಮೊದಲೇ ಸಣ್ಣ ಮಕ್ಕಳು, ಇನ್ನೂ ನಾಲ್ಕು ದಿನ ಹೊಟ್ಟೆಯಲ್ಲೇ ಬೆಳೆಯಲಿ' ಎನ್ನುವ ಮನೆಯ ಹಿರಿಯರ ಮಾತು ಕಕ್ಕುಲತೆಯದು. 36 ವಾರಕ್ಕೆ ಮುಂಚೆ ಅದು ಸರಿಯಾದ ಮಾತೂ ಹೌದು. ಕಾರಣವಿಲ್ಲದೆ 34ನೇ ವಾರದಲ್ಲಿ ಹೊಟ್ಟೆ ಕೊಯ್ಯುವುದು ಎಷ್ಟು ತಪ್ಪೋ 39ರವರೆಗೆ ಕಾಯುವುದೂ ಅಷ್ಟೇ ತಪ್ಪು. ಅಮಾವಾಸ್ಯೆ ಕಳೆಯಲಿ, ಒಳ್ಳೆಯ ನಕ್ಷತ್ರ ಬರಲಿ ಎಂದು ಹಿಂದೆ ಮುಂದೆ ಎಳೆಯುವ ಅಭ್ಯಾಸ ಮೈಸೂರು ಭಾಗದ ಓದಿದ ಮನೆಗಳಲ್ಲೂ ಇದೆ. ಒಂದೇ ಮಾಸಿನ ಅವಳಿಗಳ ವಿಷಯದಲ್ಲಿ ಪಂಚಾಂಗಕ್ಕೆ ಒಂದು ವಾರ ಬಿಟ್ಟುಕೊಡುವುದು ಮಕ್ಕಳ ಜೀವವನ್ನು ಪಣಕ್ಕಿಟ್ಟಂತೆ. ವೈದ್ಯರು ಇದನ್ನು ಮುಲಾಜಿಲ್ಲದೆ ಹೇಳಬೇಕು.

ವಾರಗಳ ಲೆಕ್ಕ ನಿಖರವಾಗಿರುವುದು ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ಬೆಳಗಾವಿಯೇ ಸಾಕ್ಷಿ. ಅವಧಿಗೆ ಮುನ್ನ ಹುಟ್ಟಲಿರುವ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಬೆಳಗಾವಿಯಲ್ಲೂ ಬೇರೆ ಹಲವು ದೇಶಗಳಲ್ಲೂ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಇಂಜೆಕ್ಷನ್ನನ್ನು ಹಳ್ಳಿಯ ಹಂತಕ್ಕೂ ಒಯ್ದರು. ಬಹಳ ತಾಯಂದಿರ ವಾರಗಳ ಲೆಕ್ಕ ಖಚಿತವಿರಲಿಲ್ಲ, ದಿನ ತುಂಬಿದವರಿಗೂ ಔಷಧ ಹೋಯಿತು. ಒಟ್ಟು ಶಿಶು ಮರಣ ಇಳಿಯುವ ಬದಲು ಏರಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ 2,852 ತಾಯಂದಿರ ಮೇಲೆ ಇನ್ನೊಂದು ಪ್ರಯೋಗ ನಡೆಸಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅದರಲ್ಲೂ ಭಾಗಿ. ಈ ಸಲ ಸ್ಕ್ಯಾನಿಂಗ್‌ನಿಂದ ವಾರ ಗೊತ್ತುಮಾಡಿಕೊಂಡು, ಎಳೆ ಶಿಶುಗಳ ಆರೈಕೆ ಇರುವ ಆಸ್ಪತ್ರೆಯಲ್ಲೇ ಕೊಟ್ಟರು. 2020ರಲ್ಲಿ ಬಂದ ಫಲಿತಾಂಶ: ಔಷಧ ಪಡೆದವರಲ್ಲಿ ನವಜಾತ ಶಿಶುಗಳ ಸಾವು ಶೇ 19.6, ಪಡೆಯದವರಲ್ಲಿ ಶೇ 23.5. ಇಂಜೆಕ್ಷನ್ ಕೆಡುಕು ಮಾಡೀತೋ ಒಳಿತು ಮಾಡೀತೋ ಎಂಬುದನ್ನು ನಿರ್ಧರಿಸಿದ್ದು ವಾರದ ಖಚಿತ ಲೆಕ್ಕ ಮತ್ತು ಸರಿಯಾದ ಆಸ್ಪತ್ರೆ. ಅವಳಿ ಗರ್ಭಗಳಲ್ಲಿ ನೂರಕ್ಕೆ ಸುಮಾರು ಅರವತ್ತು 37 ವಾರಕ್ಕೆ ಮೊದಲೇ ತಾವಾಗಿ ಹೆರಿಗೆಯಾಗುವುದರಿಂದ ಈ ಪಾಠ ಅವಳಿ ಬಸುರಿಯರಿಗೆ ಎಲ್ಲರಿಗಿಂತ ಹೆಚ್ಚು ಅನ್ವಯಿಸುತ್ತದೆ.

ತಾರೀಖು ಗೊತ್ತುಮಾಡುವುದೆಂದರೆ ಸಿಸೇರಿಯನ್‌ಗೆ ಬಾಗಿಲು ತೆರೆದಂತೆ ಎಂಬ ಆಕ್ಷೇಪಕ್ಕೆ ತೂಕವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಸಿಸೇರಿಯನ್ ಪ್ರಮಾಣ ಶೇ 31.5. ಇದನ್ನು ಇನ್ನಷ್ಟು ಏರಿಸುವ ಯಾವ ಸಲಹೆಯನ್ನೂ ಅನುಮಾನದಿಂದ ನೋಡಬೇಕಾದ್ದೇ. ಆದರೆ ನಿಗದಿತ ಹೆರಿಗೆ ಬೇರೆ, ಸಿಸೇರಿಯನ್ ಬೇರೆ. ಮೊದಲ ಮಗುವಿನ ತಲೆ ಕೆಳಗಿದ್ದ ಸುಮಾರು 2,800 ಅವಳಿ ತಾಯಂದಿರನ್ನು 25 ದೇಶಗಳಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಗೊತ್ತುಮಾಡಿದ ಸಿಸೇರಿಯನ್‌ನಿಂದ ಮಕ್ಕಳಿಗೆ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ನಿಗದಿತ ದಿನ ನೋವು ಬರಿಸಿ ಸಹಜ ಹೆರಿಗೆ ಮಾಡಿಸಬಹುದು, ಜನ ಮತ್ತು ಸಲಕರಣೆ ಇದ್ದರೆ. ಮೊದಲ ಮಗು ಹೊರಬಂದೊಡನೆ ಒಬ್ಬ ಸಿಸ್ಟರ್ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಎರಡನೆಯದು ಅಡ್ಡ ತಿರುಗದಂತೆ ಹಿಡಿದಿರಬೇಕು. ಇನ್ನೊಬ್ಬರು ಅದರ ಎದೆಬಡಿತ ಕೇಳುತ್ತಿರಬೇಕು. ಮಾಸು ಬೀಳಲೆಂದು ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ಎರಡನೆಯ ಮಗು ಹುಟ್ಟುವ ತನಕ ಕೊಡುವಂತಿಲ್ಲ. ಶಿಶುಗಳನ್ನು ಎತ್ತಿಕೊಳ್ಳಲು ಇಬ್ಬರು, ಬೆಚ್ಚಗಿಡುವ ಎರಡು ವಾರ್ಮರ್, ಅಕಸ್ಮಾತ್ ಬೇಕಾದರೆ ಅರಿವಳಿಕೆ ತಜ್ಞರು, ರಕ್ತ ಸಿದ್ಧವಿರಬೇಕು. ಇಷ್ಟೂ ಮಧ್ಯರಾತ್ರಿ ಎರಡು ಗಂಟೆಗೆ ಏಕಾಏಕಿ ಕೂಡಿಬರುವುದು ಕಷ್ಟ. ಮೊದಲೇ ತಾರೀಖು ಗೊತ್ತಿದ್ದರೆ ಹಗಲಿನಲ್ಲಿ ಸಾಧ್ಯ, ಅನಗತ್ಯ ಸಿಸೇರಿಯನ್ ತಪ್ಪಿಸುವುದಕ್ಕೂ ಅದೇ ದಾರಿ.

ದಾಖಲೆಯೇ ಇಲ್ಲದ ಅವಳಿ ಬಸುರಿಯ ಗತಿ ಏನಾಗಬಹುದೆಂದು 2022ರ ನವೆಂಬರ್‌ನಲ್ಲಿ ತುಮಕೂರು ತೋರಿಸಿತು. ನೋವು ತಿನ್ನುತ್ತಿದ್ದ ತಮಿಳುನಾಡು ಮೂಲದ ಬಡ ಹೆಣ್ಣುಮಗಳನ್ನು ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಜಿಲ್ಲಾಸ್ಪತ್ರೆಯಲ್ಲಿ ಸೇರಿಸಿಕೊಳ್ಳದೆ ಬೆಂಗಳೂರಿಗೆ ಹೋಗಲು ಹೇಳಿದರೆಂಬ ಆರೋಪ ಕೇಳಿಬಂತು. ಆಕೆ ಮನೆಗೆ ಮರಳಿದಳು. ಮನೆಯಲ್ಲೇ ಹೆರಿಗೆಯಾಗಿ ತಾಯಿ ಮತ್ತು ಅವಳಿ ಶಿಶುಗಳು ಮೂವರೂ ಸತ್ತರು. ವೈದ್ಯೆ ಮತ್ತು ಶುಶ್ರೂಷಕಿಯರು ಅಮಾನತಾದರು. ದಾಖಲೆ ಇಲ್ಲವೆಂದು ಚಿಕಿತ್ಸೆ ನಿರಾಕರಿಸಬಾರದೆಂದು ಸರ್ಕಾರ ಹೇಳಿತು. ಹೇಳಲೇಬೇಕಿತ್ತು. ಆದರೆ ಎರಡು ಮಕ್ಕಳಿಂದ ಹಿಗ್ಗಿದ ಗರ್ಭಕೋಶ ಹೆರಿಗೆಯ ನಂತರ ಬೇಗ ಕುಗ್ಗದಿರಬಹುದು, ರಕ್ತ ನಿಲ್ಲದಿರಬಹುದು ಎಂಬುದು ಯಾವ ಹೆರಿಗೆ ವಾರ್ಡಿಗೂ ಹೊಸ ಸಂಗತಿಯಲ್ಲ. ಕಾರ್ಡ್ ಇಲ್ಲದವರನ್ನು ಒಳಗೆ ಬಿಡುವುದು ಮೊದಲ ಹೆಜ್ಜೆ, ಇರುವವರ ಕಾರ್ಡಿನಲ್ಲಿ ಉಪಯೋಗಕ್ಕೆ ಬರುವ ಮಾತು ಬರೆಯುವುದು ಎರಡನೆಯದು. 2018–20ರ ಲೆಕ್ಕದಲ್ಲಿ ಲಕ್ಷ ಜನನಕ್ಕೆ ಕರ್ನಾಟಕದ ತಾಯಿ ಮರಣ 69. ಕೇರಳದ್ದು 19, ತಮಿಳುನಾಡಿನದು 54. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಹಿಂದೆ.

ಮೈಸೂರಿಗೆ ಬಂದರೆ, ನಜರ್‌ಬಾದ್‌ನ ಬಸುರಿಗೆ ಚೆಲುವಾಂಬ ಆಸ್ಪತ್ರೆ ಆಟೋದಲ್ಲಿ ಹೋಗುವಷ್ಟು ದೂರ. ಕೇರಳದ ಗಡಿಯ ಡಿ.ಬಿ. ಕುಪ್ಪೆಯ ಹಾಡಿಯವಳು ಎಚ್.ಡಿ. ಕೋಟೆ ದಾಟಿ ಕಾಡು ರಸ್ತೆಯಲ್ಲಿ ಗಂಟೆಗಟ್ಟಲೆ ಬರಬೇಕು. ನಜರ್‌ಬಾದ್‌ನವಳೂ ನಿಶ್ಚಿಂತೆಯಿಂದ ಇರುವಂತಿಲ್ಲ, ಏಕೆಂದರೆ ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಅವಳು ಹೊರಡುವುದು ಕೊಳ್ಳೇಗಾಲಕ್ಕೋ ಸೋಮವಾರಪೇಟೆಗೋ ಇರುವ ತವರಿಗೆ. ಮೂರನೇ ತಿಂಗಳ ಸ್ಕ್ಯಾನಿಂಗ್ ವರದಿ ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ತವರೂರಿನ ವೈದ್ಯರು ಹೊಸದಾಗಿ ಸ್ಕ್ಯಾನಿಂಗ್ ಮಾಡಿಸುತ್ತಾರೆ, ಆ ಹೊತ್ತಿಗೆ ಮಾಸಿನ ಗುರುತು ಮಸುಕಾಗಿರುತ್ತದೆ. ಅವಳಿ ತಾಯಿಗೆ ಅಪಾಯ ಹೆಚ್ಚುವುದೂ ನಮ್ಮ ಸಂಪ್ರದಾಯ ಅವಳನ್ನು ಊರು ಬದಲಿಸಲು ಹೇಳುವುದೂ ಒಂದೇ ಕಾಲಕ್ಕೆ. ಅವಳ ಜೊತೆಗೇ ಊರೂರಿಗೆ ಹೋಗುವುದು ತಾಯಿ ಕಾರ್ಡ್ ಒಂದೇ.

ಎಲ್ಲ ಅವಳಿ ಹೆರಿಗೆಯನ್ನೂ ಚೆಲುವಾಂಬಕ್ಕೆ ಕಳಿಸಿದರೆ ಅದು ತಡೆದೀತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಕಳಿಸಬೇಕಿಲ್ಲ. ಎರಡು ಮಾಸಿನ, ಬಿ.ಪಿ. ಏರದ, ಮಕ್ಕಳು ಸಮನಾಗಿ ಬೆಳೆದಿರುವ ತಾಯಿಗೆ ತಜ್ಞರು, ರಕ್ತ, ನವಜಾತ ಶಿಶು ಘಟಕ ಇರುವ ಹತ್ತಿರದ ಆಸ್ಪತ್ರೆ ಸಾಕು. ಒಂದೇ ಮಾಸಿನವರನ್ನು ಮೊದಲೇ ಬೇರೆ ಮಾಡಿದರೆ ದೊಡ್ಡ ಆಸ್ಪತ್ರೆಯ ಮೇಲಿನ ಹೊರೆ ಇಳಿಯುತ್ತದೆ. ಇನ್ನು, 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಭ್ರೂಣಲಿಂಗ ಪತ್ತೆ ದಂಧೆ ಬಯಲಾದ ಮೇಲೆ ಸ್ಕ್ಯಾನಿಂಗ್ ಹೆಚ್ಚಿಸಿ ಎನ್ನಲು ಹಿಂಜರಿಯುವವರಿದ್ದಾರೆ. ಆ ಪಾತಕ ನಡೆದದ್ದು ಕದ್ದುಮುಚ್ಚಿ, ದಾಖಲೆ ಇಲ್ಲದೆ. ಸರ್ಕಾರಿ ಆಸ್ಪತ್ರೆಯಲ್ಲಿ ನೋಂದಣಿಯೊಂದಿಗೆ ನಡೆಯುವ ಸ್ಕ್ಯಾನಿಂಗನ್ನು ಬಡ ಬಸುರಿಗೆ ತಪ್ಪಿಸಿದರೆ ದಂಧೆಕೋರರಿಗೇನೂ ನಷ್ಟವಿಲ್ಲ.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ತಜ್ಞರು ಬಸುರಿಯರನ್ನು ಉಚಿತವಾಗಿ ನೋಡುತ್ತಾರೆ; ಅಪಾಯದ ಗರ್ಭಕ್ಕೆ ಕೆಂಪು ಚೀಟಿ ಅಂಟಿಸುವ ಪದ್ಧತಿಯೂ ಇದೆ. ಆ ಕೆಂಪು ಚೀಟಿ ಅಪಾಯವಿದೆ ಎಂದಷ್ಟೇ ಹೇಳುತ್ತದೆ. ಯಾವ ಅಪಾಯ, ಯಾವ ದಿನದೊಳಗೆ, ಯಾವ ಆಸ್ಪತ್ರೆ ಎಂಬುದನ್ನು ಹೇಳುವುದಿಲ್ಲ. ಮೈಸೂರು ಜಿಲ್ಲಾ ಆರೋಗ್ಯ ಇಲಾಖೆ ಮೂರು ಸಾಲಿನ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಸ್ಕ್ಯಾನಿಂಗ್ ಕೇಂದ್ರಗಳಿಗೂ ಕಳಿಸಲಿ, ಮುಂದಿನ 9ನೇ ತಾರೀಖಿನಿಂದಲೇ ಅದನ್ನು ತುಂಬಿಸಲಿ. ಅವಳಿ ಬಸುರಿ ಇರುವ ಮನೆಯವರು ಅಲ್ಲಿಯವರೆಗೂ ಕಾಯಬೇಡಿ. ಮೊದಲ ಸ್ಕ್ಯಾನಿಂಗ್ ವರದಿಯನ್ನು ತಾಯಿ ಕಾರ್ಡ್‌ಗೆ ಪಿನ್ ಮಾಡಿಡಿ. ಮಾಸು ಒಂದೋ ಎರಡೋ, ಹೆರಿಗೆ ಯಾವ ತಾರೀಖಿನೊಳಗೆ ಆಗಬೇಕು ಎಂದು ವೈದ್ಯರನ್ನು ಕೇಳಿ, ಉತ್ತರವನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ.