ಕೀಲುಬಾವಿಗೆ ಮೀನೆಣ್ಣೆ ಗುಳಿಗೆ: ಎಷ್ಟು ನಂಬಬೇಕು?

ಬೆಳಗ್ಗೆ ಎದ್ದಾಗ ಬೆರಳು ಮಡಚಲಾಗದವರಿಗೆ, ಮೊಣಕಾಲು ಹಿಡಿದುಕೊಂಡವರಿಗೆ ಈಗ ಔಷಧದಂಗಡಿಯಲ್ಲಿ ಸುಲಭವಾಗಿ ಸಿಗುವ ವಸ್ತು ಮೀನೆಣ್ಣೆ ಗುಳಿಗೆ. ಅದರಲ್ಲಿರುವ ‘ಒಮೆಗಾ-3’ ಮೇದಾಮ್ಲ ಕೀಲಿನ ಬಾವು ಇಳಿಸುತ್ತದೆ ಎನ್ನುತ್ತಾರೆ. ಇದು ಪೂರ್ತಿ ಸುಳ್ಳಲ್ಲ. ಹೇಳುವಷ್ಟು ನಿಜವೂ ಅಲ್ಲ.

ರುಮಟಾಯ್ಡ್ ಸಂಧಿವಾತದವರ ಮೇಲೆ 1980ರ ದಶಕದಿಂದಲೂ ಪ್ರಯೋಗಗಳು ನಡೆದಿವೆ. 17 ಪ್ರಯೋಗಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಮೂರು–ನಾಲ್ಕು ತಿಂಗಳು ಸೇವಿಸಿದವರಲ್ಲಿ ನೋವು ಮತ್ತು ಬೆಳಗಿನ ಬಿಗಿತ ತಗ್ಗಿದವು. ನೋವಿನ ಮಾತ್ರೆಗಳ ಬಳಕೆಯೂ ಇಳಿಯಿತು. ಆದರೆ ಪ್ರಮಾಣ ಗಮನಿಸಿ. ಪ್ರಯೋಜನ ಕಂಡದ್ದು ಇಪಿಎ, ಡಿಎಚ್‌ಎ ಸೇರಿ ದಿನಕ್ಕೆ ಸುಮಾರು 2.7 ಗ್ರಾಂ ಕೊಟ್ಟಾಗ. ಸಾಮಾನ್ಯ ಗುಳಿಗೆಯೊಂದರಲ್ಲಿ ಇವೆರಡೂ ಸೇರಿ ಇರುವುದು 300 ಮಿಲಿಗ್ರಾಂ. ಅಂದರೆ ದಿನಕ್ಕೆ ಒಂಬತ್ತು ಗುಳಿಗೆ! ದಿನಕ್ಕೊಂದು ನುಂಗಿ ಫಲ ಕಾಯುವವರು ಹಣ ಕಳೆದುಕೊಳ್ಳುತ್ತಾರಷ್ಟೆ. ವಯಸ್ಸಾಗಿ ಸವೆದ ಮೊಣಕಾಲಿನ ವಿಷಯದಲ್ಲಂತೂ ಪುರಾವೆ ಇನ್ನೂ ದುರ್ಬಲ. 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಎರಡು ವರ್ಷಗಳ ಪ್ರಯೋಗದಲ್ಲಿ ಹೆಚ್ಚು ಮೀನೆಣ್ಣೆ ಕುಡಿದವರಿಗಿಂತ ತೀರ ಕಡಿಮೆ ಕುಡಿದವರಿಗೇ ನೋವು ತಗ್ಗಿತ್ತು.

‘ನಮ್ಮ ಅಗಸಿ ಹಿಂಡಿ ಇರುವಾಗ ಮೀನೇಕೆ?’ ಎಂದು ನೀವು ಕೇಳಬಹುದು. ಅಗಸಿಯಲ್ಲಿಯೂ ಒಮೆಗಾ-3 ಇದೆ, ಆದರೆ ಬೇರೆ ಬಗೆಯದು. ದೇಹ ಅದರಲ್ಲಿ ಅಲ್ಪ ಭಾಗವನ್ನಷ್ಟೇ ಇಪಿಎ ಆಗಿ ಮಾರ್ಪಡಿಸುತ್ತದೆ. 1995ರ ಒಂದು ಸಣ್ಣ ಪ್ರಯೋಗದಲ್ಲಿ 22 ಸಂಧಿವಾತ ರೋಗಿಗಳಿಗೆ ಮೂರು ತಿಂಗಳು ಅಗಸಿ ಅಥವಾ ಕುಸುಬಿ ಕೊಟ್ಟು ನೋಡಿದರು. (ಎರಡೂ ನಮ್ಮ ಎರೆಹೊಲದ ಬೆಳೆಗಳೇ!) ಅಗಸಿಯಿಂದ ರೋಗ ತಗ್ಗಲಿಲ್ಲ. ರೊಟ್ಟಿಯೊಡನೆ ಹಿಂಡಿ ತಿನ್ನುವುದನ್ನು ಇದಕ್ಕಾಗಿ ಬಿಡಬೇಕಿಲ್ಲ. ನಾರಿನಂಶಕ್ಕೆ, ರುಚಿಗೆ ಅದು ಇರಲಿ.

ನನ್ನ ಆತಂಕ ಬೇರೆಯೇ ಇದೆ. ಗುಳಿಗೆ ನಂಬಿ ಮೆಥೊಟ್ರೆಕ್ಸೇಟ್‌ನಂಥ ಮುಖ್ಯ ಔಷಧ ನಿಲ್ಲಿಸಿದರೆ ನೋವು ತಗ್ಗಿದಂತೆ ಕಂಡರೂ ಒಳಗೆ ಕೀಲು ಕೊರೆಯುತ್ತಲೇ ಹೋಗುತ್ತದೆ. ಸೊಟ್ಟಗಾದ ಬೆರಳು ಮತ್ತೆ ನೆಟ್ಟಗಾಗದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಮೀನೆಣ್ಣೆ ಮುಟ್ಟಬಾರದು.

ಇನ್ನೊಂದು ಮಾತು. ಕುಷ್ಟಗಿ, ಯಲಬುರ್ಗಾ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಮುಂದೆ ಬೆನ್ನು, ಕೀಲು ಬಿಗಿಯುತ್ತವೆ. ಅದನ್ನು ಯಾವ ಎಣ್ಣೆಯೂ ಕರಗಿಸದು. ಮನೆಯ ಮಕ್ಕಳ ಹಲ್ಲಿನಲ್ಲಿ ಕಲೆಯಿದ್ದು ಹಿರಿಯರಿಗೆ ಕೀಲುನೋವಿದ್ದರೆ, ಗುಳಿಗೆಗೆ ಮೊದಲು ಪಂಚಾಯಿತಿಗೆ ಹೇಳಿ ನೀರು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ.