ತಾಯಿ-ತಂದೆಯರ ಮಾತು ನಡೆಯಲಿ

ಎರಡು ವರ್ಷ ತುಂಬಿದರೂ ನಡೆಯದ, ಮಾತು ಬಾರದ ಕೂಸನ್ನು ಕಂಡು ಹಣೆಬರಹವೆಂದು ಸುಮ್ಮನಿರುವ ಕಾಲ ಮುಗಿಯಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಬೆಳವಣಿಗೆ ಕುಂಠಿತವಾದವರನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕಾ ಕೇಂದ್ರಕ್ಕೆ ಕಳಿಸಬೇಕು. ಯೋಜನೆ ಒಳ್ಳೆಯದು. ವೈದ್ಯರ ವಿದ್ಯೆಯನ್ನು ನಾವು ಹಗುರಾಗಿ ಕಾಣುವವರಲ್ಲ.

ಆದರೆ ಮಗುವಿಗೆ ಏನು, ಯಾವಾಗ, ಎಲ್ಲಿ ಮಾಡಬೇಕೆಂದು ನಿರ್ಧರಿಸುವವರು ಯಾರು? ಸಿಂದಗಿಯಿಂದ ವಿಜಯಪುರಕ್ಕೆ ಸುಮಾರು 60 ಕಿಲೋಮೀಟರ್. ಒಮ್ಮೆ ಹೋಗಿಬಂದರೆ ಕೂಲಿ ತಾಯಿಗೆ ಒಂದು ದಿನದ ದುಡಿಮೆ ಹೋಯಿತು. ಕೇಂದ್ರದಲ್ಲಿ ಮಗು ಇರುವುದು ಅಲ್ಪ ಹೊತ್ತು. ಉಳಿದ ಹೊತ್ತೆಲ್ಲ ಅದು ಮನೆಯಲ್ಲಿ, ಹೊಲದ ಬದುವಿನಲ್ಲಿ, ತಾಯಿಯ ಟೊಂಕದ ಮೇಲೆ. ಎರೆಯುವಾಗ, ಉಣಿಸುವಾಗ, ಆಡಿಸುವಾಗ ಮಾಡಲು ಬಾರದ ವ್ಯಾಯಾಮ ಕಾಗದದ ಮೇಲೆಯೇ ಉಳಿಯುತ್ತದೆ. ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಬಲ್ಲವರು ಆ ಮನೆಯವರೇ. ಅಮೆರಿಕದ ಕಾರ್ಲ್ ಡನ್ಸ್ಟ್ ಮತ್ತು ಸಂಗಡಿಗರ ಅಧ್ಯಯನಗಳು ಹೇಳುವುದೂ ಇದನ್ನೇ: ಪಾಲಕರೊಡನೆ ಕೂಡಿ ತೀರ್ಮಾನಿಸುವಲ್ಲಿ, ಸೇವೆ ತಮ್ಮ ಹತೋಟಿಯಲ್ಲಿದೆಯೆಂಬ ಧೈರ್ಯ ಅವರಿಗೆ ಬರುತ್ತದೆ.

ಹಾಗೆಂದು ಎಲ್ಲ ಹೊರೆಯನ್ನೂ ತಾಯಿಯ ಹೆಗಲಿಗೆ ದಾಟಿಸಿ ಸರ್ಕಾರ ಕೈತೊಳೆದುಕೊಳ್ಳಲಾಗದು. ಅಧಿಕಾರ ಪಾಲಕರದು, ವೆಚ್ಚ, ತಜ್ಞರು, ಸಲಕರಣೆ ಸರ್ಕಾರದ ಹೊಣೆ.

ಲೋಹಿಯಾರವರು ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರವೆಂಬ ನಾಲ್ಕು ಕಂಬಗಳ ರಾಜ್ಯವನ್ನು ಬಯಸಿದರು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ದೆಹಲಿಯ ಮಂಡಳಿಯಲ್ಲಿ ಪಾಲಕರ ಸಂಘಗಳಿಗೆ ಮೂರು ಸ್ಥಾನಗಳನ್ನು ಕೊಟ್ಟಿತು. ದೆಹಲಿಯಲ್ಲಿ ಸಲ್ಲುವ ಪಾಲಕರು ಜಿಲ್ಲೆಯಲ್ಲಿ, ತಾಲೂಕಿನಲ್ಲಿ ಏಕೆ ಸಲ್ಲಬಾರದು?

ಆದುದರಿಂದ ನಮ್ಮ ಆಗ್ರಹವಿಷ್ಟು. ಮಗುವಿನ ವರದಿ ಸರಳ ಕನ್ನಡದಲ್ಲಿ ಪಾಲಕರ ಕೈಸೇರಲಿ. ಚಿಕಿತ್ಸೆಯ ಗುರಿಯನ್ನು ಅವರನ್ನು ಕೇಳಿಯೇ ಗೊತ್ತುಮಾಡಲಿ. ಸಿಂದಗಿಯಲ್ಲಿಯೇ ಗೊತ್ತಾದ ದಿನ ತಜ್ಞರು ಸಿಗಲಿ; ಜಿಲ್ಲೆಗೆ ಹೋಗಲೇಬೇಕಾದರೆ ಬಸ್ಸಿನ ಖರ್ಚು, ಕಳೆದ ಕೂಲಿ ಎರಡನ್ನೂ ಕೊಡಲಿ. ಗುಳೆ ಹೋಗುವ ಕುಟುಂಬದ ಮಗುವಿನ ದಾಖಲೆ, ಹೋದಲ್ಲಿಯೂ ನಡೆಯಲಿ. ಜಿಲ್ಲಾ, ತಾಲೂಕು ಸಮಿತಿಗಳಲ್ಲಿ ಪಾಲಕರು ಮತದ ಹಕ್ಕಿನೊಡನೆ ಕೂಡಲಿ.

ಇದು ದಯೆಯ ಬೇಡಿಕೆಯಲ್ಲ. ಕೂಸನ್ನು ಹೊತ್ತವಳಿಗೆ ಕೂಸಿನ ವಿಷಯದಲ್ಲಿ ಮಾತಿಲ್ಲದಿದ್ದರೆ, ಪ್ರಜಾಸತ್ತೆ ಎಂಬ ಮಾತಿಗೆ ಅರ್ಥವೇನು? ತಾಲೂಕಿನ ಪಾಲಕರು ಸಂಘಟಿತರಾಗಿ ಕೇಳಬೇಕು, ನಾವು ಅವರೊಡನಿದ್ದೇವೆ.